ಶನಿವಾರದ ಆಟಕ್ಕೆ ಶಿರಸಿಯ ಫೋನೇ ಅಳತೆ

ಶನಿವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಹೆಡ್‌ಫೋನ್ ಹಾಕೋ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೆಸೇಜ್ ಬಂತು: "ಈ ವಾರವೂ ಆಗಲ್ಲ ಮಾರಾಯ್ರೇ. ಕೊನೆಕೊಯ್ಲು. ನೀವು ಆಡಿ."

ಇದು ಸತತ ಐದನೇ ವಾರ. ನಾನು ಒಂದು ಥಂಬ್ಸ್ ಅಪ್ ಒತ್ತಿ, "ಶಿರಸಿ ಇವತ್ತೂ ಇಲ್ಲ, ತೋಟದಲ್ಲಿ ಕೊನೆಕೊಯ್ಲಂತೆ" ಎಂದು ಬೇಜಾರಿನಲ್ಲೇ ಅಂದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಿದಳು. ಅವಳು ಸಾಗರದ ಕಡೆಯವಳು, ಅಡಿಕೆ ತೋಟದ ಮನೆಯಲ್ಲಿ ಬೆಳೆದವಳು.

"ಜೂನ್ ತಿಂಗಳಲ್ಲಿ ಎಂಥ ಕೊನೆಕೊಯ್ಲು? ಈಗ ಕೊಳೆಗೆ ಮದ್ದು ಹೊಡೆಯೋ ಸಮಯ. ಕೊಯ್ಲು ಶುರುವಾಗೋದು ಮಳೆ ಎಲ್ಲ ಮುಗಿದ ಮೇಲೆ. ನಿಮ್ಮ ಫ್ರೆಂಡ್ ಸುಳ್ಳು ಹೇಳ್ತಿದಾನೆ."

ಇಷ್ಟು ವರ್ಷದ ಗೆಳೆಯ ನನಗೆ ಯಾಕೆ ಸುಳ್ಳು ಹೇಳ್ತಾನೆ? ಆ ರಾತ್ರಿ ಆಟದಲ್ಲಿ ಮನಸ್ಸು ನಿಲ್ಲಲಿಲ್ಲ. ಕಾರಣ ಗೊತ್ತಾದಾಗ ಮಾತ್ರ ನನಗೇ ನಾಚಿಕೆಯಾಯಿತು. ದೂರದೂರದಲ್ಲಿರುವ ಗೆಳೆಯರನ್ನು ಆನ್‌ಲೈನ್‌ನಲ್ಲಿ ಸೇರಿಸಿ ಆಟ ಆಡಿಸುವವರಿಗೆ ನನ್ನ ಈ ತಪ್ಪು ಸ್ವಲ್ಪ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಊರೇ ಹೆಸರು, ದಾಳವೇ ದೈವ

ಮೊದಲು ಆಟದ ಬಗ್ಗೆ. ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ನಾಲ್ಕೈದು ಜನ ಕೂತು ಮಾತಿನಲ್ಲೇ ಒಂದು ಕತೆ ಕಟ್ಟುವ ಆಟ. ಒಬ್ಬ ಗೇಮ್ ಮಾಸ್ಟರ್. ಅವನು ಜಗತ್ತನ್ನು ಬಣ್ಣಿಸುತ್ತಾನೆ: "ಎದುರಿಗೆ ಹಳೆಯ ಕೋಟೆ, ಬಾಗಿಲು ಅರ್ಧ ತೆರೆದಿದೆ, ಒಳಗಿಂದ ಹೊಗೆ ಬರ್ತಿದೆ. ಏನು ಮಾಡ್ತೀರಿ?" ಉಳಿದವರು ತಲಾ ಒಂದು ಪಾತ್ರ. ಒಬ್ಬ ಯೋಧ, ಒಬ್ಬಳು ಮಾಂತ್ರಿಕಳು, ಒಬ್ಬ ಕಳ್ಳ. ಮಾಡುವ ಕೆಲಸ ಕಷ್ಟದ್ದಾದರೆ ದಾಳ ಉರುಳಿಸಬೇಕು. ಹೆಚ್ಚಿನ ಸಲ ಅದು 20 ಮುಖದ ದಾಳ. ಬಿದ್ದ ಗರಕ್ಕೆ ನಿಮ್ಮ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ಗುರಿ ಮುಟ್ಟಿದರೆ ಗೆದ್ದಿರಿ. ಇಲ್ಲದಿದ್ದರೆ ಬಾಗಿಲು ಕಿರ್ ಅನ್ನುತ್ತೆ, ಕಾವಲುಗಾರ ಎಚ್ಚರವಾಗ್ತಾನೆ.

ಈ ಬಗೆಯ ಆಟಗಳಲ್ಲಿ ಎಲ್ಲಕ್ಕಿಂತ ಹೆಸರುವಾಸಿಯಾದದ್ದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು 1974ರಲ್ಲಿ ಹೊರತಂದರು. 'ಸ್ಟ್ರೇಂಜರ್ ಥಿಂಗ್ಸ್' ಸರಣಿ ನೋಡಿದವರಿಗೆ ಹುಡುಗರು ಮೇಜಿನ ಸುತ್ತ ಕೂತು ಕಿರುಚಾಡುವ ದೃಶ್ಯ ನೆನಪಿರಬಹುದು. ಅದೇ ಆಟ.

ನಮಗೆ ಅದು ಸಿಕ್ಕಿದ್ದು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ. 2014ರಲ್ಲಿ ಆಟದ ಐದನೇ ಆವೃತ್ತಿ ಬಂದಾಗ ಮೂಲ ನಿಯಮಗಳ ಪಿಡಿಎಫ್ ಅನ್ನು ಉಚಿತವಾಗಿ ಕೊಟ್ಟಿದ್ದರು. ಸೀನಿಯರ್ ಒಬ್ಬರು ಅದನ್ನು ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದರು. ಕಾಲೇಜು ಬಿಟ್ಟು ಹೋಗುವಾಗ ನಮಗೆ ಕೊಟ್ಟು ಹೋದರು.

ನಮ್ಮ ಗ್ಯಾಂಗಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಊರೇ ಹೆಸರು. ಶಿರಸಿ, ಹುಬ್ಬಳ್ಳಿ, ಮಂಡ್ಯ, ನಾನು ಕಡೂರು. ಪರೀಕ್ಷೆಗೆ ಮೂರು ದಿನ ಇದ್ದರೂ ಕ್ಯಾಂಟೀನಿನ ಮೂಲೆ ಮೇಜಿನಲ್ಲಿ ನಾವು ಗುಹೆಯೊಳಗೆ ಇರುತ್ತಿದ್ದೆವು. ಶಿರಸಿ ಕಳ್ಳನ ಪಾತ್ರ. ಅವನಷ್ಟು ಚೆಂದ ಮಾತಾಡುವವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ದಾಳಕ್ಕೆ ಕೈ ಹಾಕದೆ ಬರೀ ಮಾತಿನಲ್ಲಿ ಕಾವಲುಗಾರನ ಕೈಯಿಂದಲೇ ಬೀಗದ ಕೀ ತೆಗೆಸಿಕೊಳ್ಳುತ್ತಿದ್ದ.

ಓದು ಮುಗಿಯಿತು. ನಾನು ಬೆಂಗಳೂರು, ಹುಬ್ಬಳ್ಳಿ ಪುಣೆಗೆ, ಮಂಡ್ಯ ಡಬ್ಲಿನ್‌ಗೆ. 2020ರ ಲಾಕ್‌ಡೌನ್‌ನಲ್ಲಿ ಆಟ ಮತ್ತೆ ಶುರುವಾಯಿತು, ಈ ಸಲ ಆನ್‌ಲೈನ್‌ನಲ್ಲಿ. ನಮ್ಮ ರಾತ್ರಿ ಒಂಬತ್ತೂವರೆ ಅಂದರೆ ಡಬ್ಲಿನ್‌ನಲ್ಲಿ ಬೇಸಿಗೆಯಲ್ಲಿ ಸಂಜೆ ಐದು, ಚಳಿಗಾಲದಲ್ಲಿ ನಾಲ್ಕು. ಎಲ್ಲರಿಗೂ ಹೊಂದುವ ಹೊತ್ತು ಅದೊಂದೇ.

ಆಮೇಲೆ ಶಿರಸಿ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಹೋದ. ಅವನ ತಂದೆಗೆ ಪಾರ್ಶ್ವವಾಯು ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿತ್ತು. ಮಾತು ನಿಧಾನವಾಗಿತ್ತು. ತೋಟ ನೋಡಿಕೊಳ್ಳುವವರು ಬೇಕಿತ್ತು. "ಶನಿವಾರ ಮಾತ್ರ ತಪ್ಪಿಸಲ್ಲ" ಅಂದಿದ್ದ. ಕೆಲವು ತಿಂಗಳು ತಪ್ಪಿಸಲೂ ಇಲ್ಲ.

ನಾನು ಕಟ್ಟಿದ ಅರಮನೆ

ಆನ್‌ಲೈನ್ ಆಟಕ್ಕೆ ಬರೀ ವಿಡಿಯೊ ಕಾಲ್ ಸಾಲದು ಅಂತ ಅನ್ನಿಸಿದಾಗ ಜನ ಹೋಗುವುದು ವರ್ಚುವಲ್ ಟೇಬಲ್‌ಟಾಪ್‌ಗೆ. ಚಿಕ್ಕದಾಗಿ ವಿಟಿಟಿ. ಮೇಜಿನ ಮೇಲೆ ಇರುವುದೆಲ್ಲ ಪರದೆಯ ಮೇಲೆ ಬರುತ್ತದೆ. ಚೌಕಳಿ ಹಾಕಿದ ನಕ್ಷೆ, ಅದರಲ್ಲಿ ಒಂದು ಚೌಕ ಅಂದರೆ ಐದು ಅಡಿ. ಪಾತ್ರಗಳಿಗೆ ಕಾಯಿಗಳು. ಗುಂಡಿ ಒತ್ತಿದರೆ ಉರುಳುವ ದಾಳ. ಪಾತ್ರದ ವಿವರ ಬರೆದ ಹಾಳೆ. ನೋಡದ ಜಾಗವನ್ನು ಮುಚ್ಚಿಡುವ ಮಂಜು. ಇನ್ನೂ ಮುಂದುವರಿದವುಗಳಲ್ಲಿ ಗೋಡೆಗೆ ಗೆರೆ ಎಳೆದರೆ ಗೋಡೆಯಾಚೆ ಕಾಣಿಸುವುದಿಲ್ಲ. ಕೈಯಲ್ಲಿ ದೀವಟಿಗೆ ಇದ್ದವನ ಸುತ್ತ ಮಾತ್ರ ಬೆಳಕು, ಅವನು ನಡೆದಂತೆ ನೆರಳೂ ನಡೆಯುತ್ತದೆ.

ಇದನ್ನು ನೋಡಿದ ಯಾವ ಸಾಫ್ಟ್‌ವೇರ್ ಇಂಜಿನಿಯರ್ ಸುಮ್ಮನೆ ಇರ್ತಾನೆ ಹೇಳಿ? ಆ ವರ್ಷ ಏಪ್ರಿಲ್‌ನಲ್ಲಿ ನಾನು ಹಳೆಯ ಸರಳ ವ್ಯವಸ್ಥೆ ಬಿಟ್ಟು, ಇರುವುದರಲ್ಲೇ ಭಾರಿಯಾದದ್ದನ್ನು ಹಿಡಿದೆ. ಅದರ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ. ಮೂರು ವಾರ ರಾತ್ರಿ ಒಂದು ಗಂಟೆಯವರೆಗೆ ಕೂತು ಕೋಟೆ ಕಟ್ಟಿದೆ. ನಲವತ್ತು ಚೌಕ ಅಗಲ, ನಲವತ್ತು ಚೌಕ ಉದ್ದ. ಪ್ರತಿ ಗೋಡೆಗೆ ಗೆರೆ, ಪ್ರತಿ ಬಾಗಿಲಿಗೆ ಸದ್ದು, ಅಂಗಳದಲ್ಲಿ ಬೀಳುವ ಮಳೆ. ಆಫೀಸಿನ ಯಾವ ಪ್ರಾಜೆಕ್ಟಿಗೂ ನಾನು ಅಷ್ಟು ನಿಷ್ಠೆ ತೋರಿಸಿಲ್ಲ.

ಮೊದಲ ರಾತ್ರಿ ಮಂಡ್ಯ "ಏನ್ಲಾ ಇದು, ಸಿನಿಮಾ ಇದ್ದಂಗೈತಲ್ಲಾ" ಅಂದ. ಹುಬ್ಬಳ್ಳಿಗೆ ಖುಷಿಯಾದದ್ದು ಲೆಕ್ಕ. ಮಾಂತ್ರಿಕಳ ಬೆಂಕಿಗೆ ಎಂಟು ದಾಳ ಒಟ್ಟಿಗೆ ಉರುಳಿ, ಕೂಡಿ, ರಾಕ್ಷಸನ ಆಯುಸ್ಸಿನಿಂದ ತಾನೇ ಕಳೆದುಕೊಳ್ಳುತ್ತಿತ್ತು. ಶಿರಸಿ ಅವತ್ತು ಹೆಚ್ಚು ಮಾತಾಡಲಿಲ್ಲ. "ಚೆಂದ ಇದೆ" ಅಂದ. ಒಂದು ಗಂಟೆ ಆದ ಮೇಲೆ "ನೆಟ್ ಸರಿ ಇಲ್ಲ" ಅಂತ ಹೋದ. ಅದಾದ ಮೇಲೆ ಒಂದೆರಡು ವಾರ ನೆಟ್ ಸರಿ ಇರಲಿಲ್ಲ. ಆಮೇಲೆ ಕೊನೆಕೊಯ್ಲು ಶುರುವಾಯಿತು.

"ನನ್ನಿಂದ ಆಟ ನಿಲ್ಲೋದು ಬೇಡ"

ಹೆಂಡತಿ ಸುಳ್ಳು ಹಿಡಿದ ಮರುದಿನ, ಭಾನುವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ ಕೇಳಿಸಿತು.

"ಎಂಥ ಹೇಳೋದು ಮಾರಾಯ. ಲ್ಯಾಪ್‌ಟಾಪ್ ಕಂಪನಿದು, ಕೆಲಸ ಬಿಟ್ಟಾಗಲೇ ವಾಪಸ್ ಕೊಟ್ಟೆ. ಈ ಫೋನಲ್ಲೇ ಆಡ್ತಿದ್ದೆ. ಹಳೇದು ಹೆಂಗೋ ನಡೀತಿತ್ತು. ನೀ ಹೊಸದು ಹಾಕಿದ ಮೇಲೆ ಪರದೆ ಪೂರಾ ಕಪ್ಪು. ಕೆಲವು ಸಲ ಬರ್ತದೆ, ಕಾಯಿ ಮುಟ್ಟಿದ್ರೆ ಮತ್ತೆ ಹೋಗ್ತದೆ. ನೀವೆಲ್ಲ ನನಗೋಸ್ಕರ ಕಾಯ್ತಾ ಕೂರೋದು ನೋಡಕ್ಕಾಗ್ಲಿಲ್ಲ. ನನ್ನಿಂದ ಆಟ ನಿಲ್ಲೋದು ಬೇಡ ಅಂತ."

"ಹೇಳಬಾರದಿತ್ತಾ?"

"ನೀ ಮೂರು ವಾರ ನಿದ್ದೆ ಕೆಟ್ಟು ಮಾಡಿದ್ದು. ಅದನ್ನ ಹೆಂಗೆ ಹೇಳೋದು?"

ಅವನ ಮನೆ ಶಿರಸಿ ಪೇಟೆಯಿಂದ ದೂರ. ಮೊಬೈಲ್ ಸಿಗ್ನಲ್ ಸಿಗುವುದು ಜಗಲಿಯ ಒಂದು ತುದಿಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಹೇಳಲಾಗದು. ಇದೆಲ್ಲ ನನಗೆ ಗೊತ್ತಿತ್ತು. ಕಚೇರಿಯಲ್ಲಿ ಪ್ರತಿ ಮೀಟಿಂಗಿನಲ್ಲೂ 'ಯೂಸರ್ ಯಾರು, ಅವರ ಡಿವೈಸ್ ಯಾವುದು' ಅಂತ ಕೇಳುವವನು ನಾನು. ನಾಲ್ಕೇ ನಾಲ್ಕು ಯೂಸರ್ ಇರುವ ನನ್ನದೇ ಆಟಕ್ಕೆ ಆ ಪ್ರಶ್ನೆ ಕೇಳಿರಲಿಲ್ಲ.

ಐದು ಪ್ರಶ್ನೆಗಳ ಪರೀಕ್ಷೆ

ಮುಂದಿನ ಎರಡು ಭಾನುವಾರ ಶಿರಸಿಯ ಜೊತೆ ಕೂತು ಒಂದೊಂದೇ ವಿಟಿಟಿ ತೆರೆದು ನೋಡಿದೆವು. ಜಡ್ಜ್ ಅವನ ಫೋನು. ಅದರಲ್ಲಿ ಹುಟ್ಟಿದ ಐದು ಪ್ರಶ್ನೆಗಳು ಇವು. ನಿಮ್ಮ ಗುಂಪಿಗೂ ಇವನ್ನೇ ಕೇಳಿಕೊಳ್ಳಬಹುದು.

1. ಗುಂಪಿನ ಅತಿ ಬಡ ಡಿವೈಸ್‌ನಲ್ಲಿ ತೆರೆಯುತ್ತಾ? ನಾನು ಜಾಣತನ ಮಾಡಿ ಕೋಟೆಯ ಚಿತ್ರವನ್ನು ಕಂಪ್ರೆಸ್ ಮಾಡಿ ಎರಡು ಎಂಬಿಗೆ ಇಳಿಸಿದ್ದೆ. 'ಎರಡು ಎಂಬಿ ಲೋಡ್ ಆಗಲ್ವಾ?' ಅಂದುಕೊಂಡಿದ್ದೆ. ಅಲ್ಲೇ ಎಡವಟ್ಟಾಗಿದ್ದು. ಕಂಪ್ರೆಸ್ ಮಾಡಿದರೆ ಡೌನ್‌ಲೋಡ್ ಹಗುರ, ಅಷ್ಟೇ. ಪರದೆಗೆ ಬರುವಾಗ ಚಿತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬೈಟ್. ಒಂದು ಚೌಕಕ್ಕೆ 100 ಪಿಕ್ಸೆಲ್ ಲೆಕ್ಕದಲ್ಲಿ ನಲವತ್ತು ಚೌಕದ ನಕ್ಷೆ ಅಂದರೆ 4000 ಪಿಕ್ಸೆಲ್ ಅಗಲ, 4000 ಎತ್ತರ. ಗುಣಿಸಿದರೆ ಮೆಮೊರಿಯಲ್ಲಿ 64 ಎಂಬಿ, ಒಂದು ಚಿತ್ರಕ್ಕೆ. ಅದರ ಮೇಲೆ ಬೆಳಕು, ನೆರಳು, ಮಂಜು. ಅವನ ಫೋನಿನಲ್ಲಿ ಇದ್ದದ್ದು ಒಟ್ಟು ಮೂರು ಜಿಬಿ ರ್‍ಯಾಮ್, ಅದರಲ್ಲೂ ಬ್ರೌಸರಿಗೆ ಸಿಗುವುದು ಒಂದು ಪಾಲು. ಅದೇ ನಕ್ಷೆಯನ್ನು ಚೌಕಕ್ಕೆ 50 ಪಿಕ್ಸೆಲ್ ಮಾಡಿದರೆ 16 ಎಂಬಿ. ನಾಲ್ಕನೇ ಒಂದು ಭಾಗ. ಫೋನಿನ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

2. ಒಳಗೆ ಬರಲು ಎಷ್ಟು ಹೆಜ್ಜೆ? ಲಿಂಕ್ ಒತ್ತಿದರೆ ಸಾಕಾ, ಖಾತೆ ತೆರೆಯಬೇಕಾ, ಸಾಫ್ಟ್‌ವೇರ್ ಇಳಿಸಿಕೊಳ್ಳಬೇಕಾ? ಒಂದೊಂದು ಹೆಜ್ಜೆಯೂ ವಾರದ ಕೊನೆಯಲ್ಲಿ ಸುಸ್ತಾಗಿ ಬಂದವನಿಗೆ 'ಮುಂದಿನ ವಾರ ನೋಡೋಣ' ಅನ್ನಲು ಒಂದು ನೆಪ.

3. ಇದು ಯಾರ ಕಂಪ್ಯೂಟರ್ ಮೇಲೆ ಓಡುತ್ತೆ? ಕೆಲವು ವಿಟಿಟಿಗಳು ಕಂಪನಿಯ ಸರ್ವರ್‌ನಲ್ಲೇ ಇರುತ್ತವೆ. ಕೆಲವನ್ನು ನೀವೇ ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿಸಿ ಉಳಿದವರನ್ನು ಒಳಗೆ ಕರೆಯಬೇಕು. ನಮ್ಮ ದೇಶದಲ್ಲಿ ಇಲ್ಲೊಂದು ತೊಡಕು. ಮೊಬೈಲ್ ಇಂಟರ್ನೆಟ್‌ನಲ್ಲಿ, ಎಷ್ಟೋ ಬ್ರಾಡ್‌ಬ್ಯಾಂಡ್‌ಗಳಲ್ಲೂ, ನೂರಾರು ಗ್ರಾಹಕರು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇರುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿಗೆ ಗೇಟಿನ ವಿಳಾಸ ಮಾತ್ರ ಇದ್ದು ಮನೆ ನಂಬರ್ ಇಲ್ಲದ ಹಾಗೆ. ಹೊರಗಿನಿಂದ ಬಂದವನಿಗೆ ನಿಮ್ಮ ಬಾಗಿಲು ಸಿಗುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ತೆರೆದಿಟ್ಟರೂ ಪ್ರಯೋಜನವಿಲ್ಲ. ಆಗ ಸ್ಥಿರ ಐಪಿಗೆ ಹಣ ಕೊಡಬೇಕು, ಟನೆಲ್ ಹಾಕಬೇಕು, ಇಲ್ಲವೇ ಕ್ಲೌಡ್‌ನಲ್ಲಿ ಸರ್ವರ್ ಬಾಡಿಗೆಗೆ ಹಿಡಿಯಬೇಕು. ನನ್ನಂಥವನಿಗೆ ಅದು ಮೋಜು. ನಿಮಗೆ ಶನಿವಾರದ ತಲೆನೋವಾಗಬಹುದು.

4. ಹಣ ಯಾರು ಕೊಡೋದು? ಒಬ್ಬ ಕೊಟ್ಟರೆ ಸಾಕಾ, ಪ್ರತಿಯೊಬ್ಬರೂ ಕೊಳ್ಳಬೇಕಾ? ಒಂದೇ ಸಲದ ಬೆಲೆಯಾ, ತಿಂಗಳ ಚಂದಾನಾ? ಹೆಚ್ಚಿನವು ಡಾಲರ್ ಲೆಕ್ಕ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಪಾವತಿ ಯಾಕೆ ಆಗ್ತಿಲ್ಲ ಅಂತ ಅರ್ಧ ಗಂಟೆ ಒದ್ದಾಡುವ ಮುಂಚೆ ಅದನ್ನು ನೋಡಿ.

5. ಬಿಟ್ಟು ಹೋಗುವಾಗ ಕೈಯಲ್ಲಿ ಏನು ಉಳಿಯುತ್ತೆ? ಒಂದು ವಿಟಿಟಿಯಲ್ಲಿ ಕೊಂಡ ಪುಸ್ತಕ, ನಕ್ಷೆ ಇನ್ನೊಂದರಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಅದಕ್ಕೇ ಕತೆಯ ಟಿಪ್ಪಣಿ, ಪಾತ್ರಗಳ ವಿವರ, ನಕ್ಷೆಯ ಮೂಲ ಚಿತ್ರಗಳನ್ನು ಹೊರಗೆ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನಿಯಮಗಳಿಗಂತೂ ಹಣ ಕೊಡಲೇಬೇಕು ಅಂತಿಲ್ಲ. 2023ರಲ್ಲಿ ಪರವಾನಗಿ ಬದಲಾವಣೆಯ ವಿಚಾರಕ್ಕೆ ಆಟಗಾರರಿಂದ ಭಾರೀ ವಿರೋಧ ಬಂದ ಮೇಲೆ, ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳ ದಸ್ತಾವೇಜನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡುಗಡೆ ಮಾಡಿದರು. ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಬಳಸಬಹುದು, ಕನ್ನಡಕ್ಕೆ ತಂದು ಹಂಚಲೂಬಹುದು.

ಯಾರಿಗೆ ಯಾವುದು?

ನಾವು ನೋಡಿದವುಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ.

ರೋಲ್20: 2012ರಿಂದ ಇದೆ. ಬ್ರೌಸರ್‌ನಲ್ಲೇ ನಡೆಯುತ್ತದೆ, ಉಚಿತ ಖಾತೆಯಲ್ಲಿ ಆಟ ಶುರು ಮಾಡಬಹುದು, ಹೆಚ್ಚಿನ ಜಾಗ ಮತ್ತು ಸೌಲಭ್ಯಗಳಿಗೆ ಚಂದಾ. ನಕ್ಷೆ, ದಾಳ, ಪಾತ್ರದ ಹಾಳೆ ಎಲ್ಲ ಒಂದೇ ಕಡೆ ಬೇಕು, ಸರ್ವರ್ ಉಸಾಬರಿ ಬೇಡ, ಎಲ್ಲರ ಬಳಿ ಲ್ಯಾಪ್‌ಟಾಪ್ ಇದೆ ಅನ್ನುವ ಹೊಸ ಗುಂಪಿಗೆ ಒಳ್ಳೆಯ ಆರಂಭ.

ಫೌಂಡ್ರಿ: 2020ರಲ್ಲಿ ಬಂದದ್ದು. ಗೇಮ್ ಮಾಸ್ಟರ್ ಒಬ್ಬ ಒಂದು ಸಲ 50 ಡಾಲರ್ ಕೊಟ್ಟರೆ ಸಾಕು, ತೆರಿಗೆ ಬೇರೆ. ಆಟಗಾರರು ಬ್ರೌಸರ್‌ನಲ್ಲಿ ಪುಕ್ಕಟೆ ಬರುತ್ತಾರೆ. ನೂರಾರು ಆಟಗಳ ನಿಯಮ, ಸಾವಿರಾರು ಮಾಡ್ಯೂಲ್. ಬೆಳಕು ನೆರಳಿನ ಕೆಲಸ ಅದ್ಭುತ. ಸರ್ವರ್ ಮಾತ್ರ ನಿಮ್ಮದೇ ಹೊಣೆ, ಇಲ್ಲವೇ ಅದಕ್ಕಾಗಿಯೇ ಇರುವ ಹೋಸ್ಟಿಂಗ್‌ಗೆ ತಿಂಗಳ ಹಣ. ಮೊಬೈಲ್ ಫೋನಿಗಾಗಿ ಮಾಡಿದ್ದಲ್ಲ ಅಂತ ಅವರೇ ಹೇಳುತ್ತಾರೆ. ಕೈ ಕೆಸರು ಮಾಡಿಕೊಳ್ಳಲು ಇಷ್ಟ ಇರುವ ಟೆಕ್ಕಿ ಗೇಮ್ ಮಾಸ್ಟರ್, ಒಳ್ಳೆಯ ಕಂಪ್ಯೂಟರ್ ಇರುವ ಆಟಗಾರರು: ಇಂಥ ಗುಂಪಿಗೆ ಹೇಳಿ ಮಾಡಿಸಿದ್ದು.

ಫ್ಯಾಂಟಸಿ ಗ್ರೌಂಡ್ಸ್: 2004ರಿಂದ ಇರುವ ಹಿರಿಯ. ನಿಯಮಗಳ ಲೆಕ್ಕಾಚಾರವನ್ನು ತಾನೇ ಮಾಡುವುದರಲ್ಲಿ ಗಟ್ಟಿಗ. ಆದರೆ ಎಲ್ಲರೂ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಕಲಿಯಲು ಸಮಯ ಕೊಡಬೇಕು.

ಟೇಬಲ್‌ಟಾಪ್ ಸಿಮ್ಯುಲೇಟರ್: ಸ್ಟೀಮ್‌ನಲ್ಲಿ ಸಿಗುತ್ತದೆ. ನಿಜವಾದ ಮೇಜಿನಂತೆ ಮೂರು ಆಯಾಮದ ಮೇಜು. ಸಿಟ್ಟು ಬಂದರೆ ಮೇಜನ್ನೇ ಮಗುಚಿ ಹಾಕಬಹುದು! ಪ್ರತಿ ಆಟಗಾರನೂ ಕೊಳ್ಳಬೇಕು, ಕಂಪ್ಯೂಟರಿಗೂ ತಾಕತ್ತು ಬೇಕು. ಬೋರ್ಡ್ ಗೇಮ್‌ಗಳನ್ನೂ ಆಡುವ ಗುಂಪಿಗೆ ಸರಿ.

ಔಲ್‌ಬೇರ್ ರೋಡಿಯೊ: ಅರ್ಧ ಗೂಬೆ ಅರ್ಧ ಕರಡಿಯ ಪ್ರಾಣಿಯೊಂದರ ಹೆಸರು ಇಟ್ಟುಕೊಂಡಿದೆ. ನಕ್ಷೆ, ಕಾಯಿ, ಮಂಜು, ದಾಳ. ಹೆಚ್ಚೂಕಡಿಮೆ ಅಷ್ಟೇ. ನಿಯಮಗಳು ಅದಕ್ಕೆ ಗೊತ್ತಿಲ್ಲ. ಆಟಗಾರರಿಗೆ ಖಾತೆ ಬೇಡ, ಲಿಂಕ್ ಒತ್ತಿದರೆ ಬಂದರು. ಫೋನಿನ ಬ್ರೌಸರ್‌ನಲ್ಲೂ ತೆರೆಯುತ್ತದೆ. ಉಚಿತವಾಗಿ ಬಳಸುವವರಿಗೆ ಜಾಗದ ಮಿತಿ ಇದೆ. ಒಂದು ಗುಂಪಿಗೆ ಅದು ಸಾಲುತ್ತದೆ.

ಶಿರಸಿಯ ಫೋನು ಕೊನೆಯದಕ್ಕೆ ಸೈ ಅಂದಿತು. ಕುಗ್ಗಿಸಿದ ನಕ್ಷೆ ಜಗಲಿಯ ತುದಿಯಲ್ಲಿ, ಎರಡು ಕಡ್ಡಿ ಸಿಗ್ನಲ್‌ನಲ್ಲಿ ತೆರೆದುಕೊಂಡಿತು. ಮಾತಿಗೆ ಬೇರೆ ಆಡಿಯೊ ಆ್ಯಪ್, ವಿಡಿಯೊ ಬಂದ್. ಧ್ವನಿಗೆ ಬೇಕಾಗುವ ಡೇಟಾ ಬಲು ಕಡಿಮೆ. ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕ ಹಿಡಿದರೂ ಒಬ್ಬರ ಒಂದು ಗಂಟೆಯ ಮಾತಿಗೆ ಸುಮಾರು 29 ಎಂಬಿ.

ಎಲ್ಲರಿಗೂ ಖುಷಿಯಾಯಿತು ಅಂತ ಹೇಳಿದರೆ ಅದು ಇನ್ನೊಂದು ಕೊನೆಕೊಯ್ಲಾಗುತ್ತದೆ. ಹುಬ್ಬಳ್ಳಿ ಮುಖ ಸಣ್ಣ ಮಾಡಿಕೊಂಡಳು. "ಏನಪಾ, ಎಂಟ್ ದಾಳಾ ಒಗದು ನಾನ ಕೂಡಸ್ಬೇಕಾ? ಇದೇನು ಒಂದನೇ ಇಯತ್ತಿನ ಲೆಕ್ಕಾ?" ಮಂಡ್ಯನಿಗೆ ದೀವಟಿಗೆ ಹೋದದ್ದು ಬೇಜಾರು: "ಕತ್ಲಲ್ಲಿ ಬೆಳಕ್ ಇಡ್ಕಂಡು ಓಗದೇ ಒಂದ್ ಮಜಾ ಇತ್ತು ಕಣ್ಲಾ." ನನ್ನ ಕೋಟೆಯ ಗೋಡೆಗಳು, ಮಳೆ, ಬಾಗಿಲ ಸದ್ದು ಹಾರ್ಡ್‌ಡಿಸ್ಕಿನಲ್ಲಿ ಮಲಗಿದವು. ನಷ್ಟ ನಿಜ. ಆದರೆ ಶಿರಸಿ ಯಾಕೆ ಬರುತ್ತಿರಲಿಲ್ಲ ಅಂತ ಹೇಳಿದ ಮೇಲೆ ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ಹುಬ್ಬಳ್ಳಿ ತಾನೇ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡು ಈಗ ನಮ್ಮೆಲ್ಲರ ಲೆಕ್ಕ ಅವಳೇ ಇಡುತ್ತಾಳೆ.

ಕರೆಂಟ್ ಹೋದ ರಾತ್ರಿ

ಜುಲೈನ ಒಂದು ಶನಿವಾರ. ಪಾತ್ರಗಳು ನದಿ ದಾಟಬೇಕು, ಸೇತುವೆಗೆ ಒಬ್ಬ ರಾಕ್ಷಸನ ಕಾವಲು. ನಕ್ಷೆ ಹಾಕಿ ಐದು ನಿಮಿಷ ಆಗಿರಲಿಲ್ಲ, ಶಿರಸಿಯ ಮನೆಯಲ್ಲಿ ಕರೆಂಟ್ ಹೋಯಿತು. ಸಿಗ್ನಲ್ ಒಂದು ಕಡ್ಡಿಗೆ ಇಳಿಯಿತು. ನಕ್ಷೆ ಅವನ ಪರದೆಯಿಂದ ಮಾಯ. ಧ್ವನಿ ಮಾತ್ರ ಉಳಿಯಿತು.

"ನಿಲ್ಲಿಸೋಣ್ವಾ?" ಅಂದೆ.

"ಯಾಕೆ ನಿಲ್ಲಿಸೋದು? ನಮ್ಮಲ್ಲಿ ತಾಳಮದ್ದಳೆಗೆ ಯಾರು ವೇಷ ಕಟ್ತಾರೆ ಮಾರಾಯ? ಸೇತುವೆ ಎಷ್ಟು ಉದ್ದ, ರಾಕ್ಷಸ ಎಲ್ಲಿ ನಿಂತಿದಾನೆ ಹೇಳು, ಸಾಕು."

ನಾನು ಹೇಳಿದೆ. ಅವನು ಶುರು ಮಾಡಿದ. ರಾಕ್ಷಸನ ಜೊತೆ ಇಪ್ಪತ್ತು ನಿಮಿಷ ವಾದ. ಸೇತುವೆ ಕಟ್ಟಿದವರು ಯಾರು, ಸುಂಕ ಕೇಳುವ ಹಕ್ಕು ಎಲ್ಲಿಂದ ಬಂತು, ನದಿಯನ್ನು ಕೇಳಿದೆಯಾ ಅಂತ. ಯಾರೂ ದಾಳ ಮುಟ್ಟಲಿಲ್ಲ. ಡಬ್ಲಿನ್‌ನಲ್ಲಿ ಮಂಡ್ಯ ನಗುತ್ತಾ ಕುರ್ಚಿಯಿಂದ ಬಿದ್ದಷ್ಟು ಸದ್ದು ಬಂತು. ಕೊನೆಗೆ ದಾಳ ಬೇಕಾದಾಗ ಅವನು ಕಾಲೇಜಿನ ಕಾಲದ ತನ್ನ ದಾಳವನ್ನೇ ಜಗಲಿಯ ಮೇಲೆ ಉರುಳಿಸಿ, ಬ್ಯಾಟರಿ ಬೆಳಕಿನಲ್ಲಿ ನೋಡಿ "ಹದಿನೇಳು" ಅಂದ. ಯಾರೂ ಫೋಟೊ ಕೇಳಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಧ್ವನಿ. ತಡೆದು ತಡೆದು, ಒಂದೊಂದೇ ಪದ. ಅವನ ತಂದೆ. ಫೋನ್ ಸ್ಪೀಕರ್‌ನಲ್ಲಿತ್ತು, ಅವರು ಅಷ್ಟು ಹೊತ್ತೂ ಕೇಳುತ್ತಿದ್ದರು.

"ಆ ಭಾಗವತ್ರಿಗೆ ಹೇಳು. ರಾಕ್ಷಸನಿಗೂ ಮಾತು ಕೊಡ್ಲಿ. ಎದುರಿನವ ಸುಮ್ನೆ ಕೂತ್ರೆ ಪ್ರಸಂಗ ಏಳೂದಿಲ್ಲೆ."

ಭಾಗವತರು ಅಂದರೆ ನಾನು. ಅವರು ಹಿಂದೆ ಊರಿನ ತಾಳಮದ್ದಳೆಗಳಲ್ಲಿ ಅರ್ಥ ಹೇಳುತ್ತಿದ್ದವರು. ಪಾರ್ಶ್ವವಾಯು ಆದ ಮೇಲೆ ಕೂಟಕ್ಕೆ ಹೋಗುವುದನ್ನೇ ಬಿಟ್ಟಿದ್ದರಂತೆ. ನಿಧಾನದ ಮಾತಿಗೆ ಅಲ್ಲಿ ಯಾರು ಕಾಯ್ತಾರೆ ಅಂತ.

ಎರಡು ವಾರ ಬಿಟ್ಟು, ಕತೆಯಲ್ಲಿ ಒಬ್ಬ ಮುದಿ ರಾಜ ಬಂದ. ಆ ಪಾತ್ರವನ್ನು ಅವರಿಗೇ ಕೊಟ್ಟೆವು. ಮೊದಲ ಸಲ ತೊಂದರೆಯಾಯಿತು. ಆಡಿಯೊ ಆ್ಯಪ್‌ನಲ್ಲಿ ಹಿನ್ನೆಲೆ ಸದ್ದು ತಡೆಯುವ ಸೆಟ್ಟಿಂಗ್ ಇತ್ತು. ಅವರ ಮೆಲುದನಿಯನ್ನೂ ಅದು ಸದ್ದು ಅಂತ ತಿಳಿದು ಕತ್ತರಿಸುತ್ತಿತ್ತು. ಪದ ಅರ್ಧಕ್ಕೇ ನಿಲ್ಲುತ್ತಿತ್ತು. ಹುಬ್ಬಳ್ಳಿ ಆ ಸೆಟ್ಟಿಂಗ್ ಹುಡುಕಿ ತೆಗೆಸಿದಳು, ಮೈಕ್ ಎಷ್ಟು ಸಣ್ಣ ದನಿಗೆ ತೆರೆದುಕೊಳ್ಳಬೇಕು ಅನ್ನುವುದನ್ನೂ ಕೈಯಾರೆ ಇಳಿಸಿದಳು. ನಿಮ್ಮ ಗುಂಪಿನಲ್ಲಿ ಮೆಲ್ಲಗೆ ಮಾತಾಡುವವರು, ವಯಸ್ಸಾದವರು ಇದ್ದರೆ ಮೊದಲು ಇದನ್ನು ನೋಡಿ. ಮಳೆಯ ಸದ್ದೂ ಜೊತೆಗೆ ಬಂತು. ನಾನು ಫೈಲ್ ಹುಡುಕಿ ಹಾಕಿದ್ದ ಮಳೆಗಿಂತ ಅದು ಚೆನ್ನಾಗಿತ್ತು.

ರಾಜ ನಾಲ್ಕು ನಿಮಿಷ ಮಾತಾಡಿದ. ನಡುವೆ ದೊಡ್ಡ ದೊಡ್ಡ ಮೌನ. ಯಾರೂ ಬಾಯಿ ಹಾಕಲಿಲ್ಲ.

ಈಗ ನಮ್ಮ ಗುಂಪಿನಲ್ಲಿ ಯಾರು ಯಾವ ನೆಪ ಹೇಳಿದರೂ ಅದಕ್ಕೆ ಹೆಸರು 'ಕೊನೆಕೊಯ್ಲು'. ಮಂಡ್ಯನ ಆಫೀಸ್ ಪಾರ್ಟಿ ಕೊನೆಕೊಯ್ಲು, ನನ್ನ ರಿಲೀಸ್ ಕೊನೆಕೊಯ್ಲು. ಹೋದ ಡಿಸೆಂಬರ್‌ನಲ್ಲಿ ಒಂದು ಶನಿವಾರ ಶಿರಸಿ ಮೆಸೇಜ್ ಹಾಕಿದ: "ಈ ವಾರ ಆಗಲ್ಲ ಮಾರಾಯ್ರೇ. ಸತ್ಯವಾಗ್ಲೂ ಕೊನೆಕೊಯ್ಲು."

ಫೋನನ್ನು ಹೆಂಡತಿಗೆ ತೋರಿಸಿದೆ. ಓದಿ, ಒಂದು ಕ್ಷಣ ಲೆಕ್ಕ ಹಾಕಿ ಹೇಳಿದಳು: "ಹ್ಞಾಂ, ಇದು ನಿಜ. ರಜೆ ಕೊಡಿ."